ಮೊದಲ ಜಾಝ್: ಮೈಲ್ಸ್ ಡೇವಿಸಾ, ಬ್ರೂಬೆಕ್ಕಾ?

ರಾಯಚೂರಿನಲ್ಲಿ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಕೇಳಿ ಕಿವಿ ಪಳಗಿದವರು ಜಾಝ್ ಎಲ್ಲಿಂದ ಶುರು ಮಾಡಬೇಕು? ಎರಡು ಆಲ್ಬಂ ಹೇಳ್ತೀನಿ, ಎರಡೂ 1959ರವು: ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ', ಪಿಯಾನೊ ವಾದಕ ಡೇವ್ ಬ್ರೂಬೆಕ್ ತಂಡದ 'ಟೈಮ್ ಔಟ್'.

ತಾಳದ ಹುಚ್ಚಿದ್ದರೆ 'ಟೈಮ್ ಔಟ್'. ಅದರಲ್ಲಿ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್‌ನ 'ಟೇಕ್ ಫೈವ್' ಐದು ಮಾತ್ರೆಯದು. ಮೂರು, ಎರಡು ಎಂದು ತೊಡೆಯ ಮೇಲೆ ತಾಳ ಹಾಕಿ ನೋಡಿ, ಸಿಕ್ಕಿಬಿಡುತ್ತದೆ. ಪಿಯಾನೊ ಒಂದೇ ವರಸೆಯನ್ನು ಬಿಡದೆ ಹಿಡಿದಿರುತ್ತದೆ, ಜೋ ಮೊರೆಲ್ಲೊ ಅದರ ಮೇಲೆ ಡ್ರಮ್ ಆಡಿಸುತ್ತಾನೆ. ತಬಲಾ ಕಲಿತವರಿಗೆ ಇದು ಹಬ್ಬ.

'ಕೈಂಡ್ ಆಫ್ ಬ್ಲೂ' ಅವಸರದವರಿಗಲ್ಲ. ಅದರ 'ಸೋ ವಾಟ್'ನಲ್ಲಿ ಬಾಸ್ (ದಪ್ಪ ದನಿಯ ದೊಡ್ಡ ತಂತಿವಾದ್ಯ) ಏನೋ ಕೇಳುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. ಸ್ವರಗಳು ಹೆಚ್ಚುಕಡಿಮೆ ನಮ್ಮ ಹಿಂದೂಸ್ತಾನಿಯ ಕಾಫಿ ಥಾಟಿನವೇ (ಥಾಟ್ ಅಂದರೆ ರಾಗಗಳಿಗೆ ಆಧಾರವಾದ ಸ್ವರಗಳ ಗುಂಪು). ನಡುವೆ ಇಡೀ ಶ್ರುತಿ ಅರ್ಧ ಸ್ವರ ಮೇಲೇರಿ ಮತ್ತೆ ಇಳಿಯುತ್ತದೆ. ಡೇವಿಸ್ ಅಳೆದು ತೂಗಿ ನುಡಿಸಿದರೆ, ಆಮೇಲೆ ಬರುವ ಕೋಲ್ಟ್ರೇನ್ ಸ್ಯಾಕ್ಸೋಫೋನಿನಲ್ಲಿ ಸುರಿದೇಬಿಡುತ್ತಾನೆ. ಆಲಾಪ ಕೇಳುವ ತಾಳ್ಮೆ ಹೇಗೂ ಇದೆ ಅಲ್ವಾ? ಹಾಗಾದರೆ ನನ್ನ ಓಟು ಇದಕ್ಕೇ.

ಒಂದೇ ತೊಂದರೆ: ನಮ್ಮೂರ ಬೇಸಿಗೆಯಲ್ಲಿ ಕೂಲರ್ ಸದ್ದಿಗೆ ಆ ಬಾಸ್ ಮುಳುಗಿಹೋಗುತ್ತೆ. ಹೆಡ್‌ಫೋನ್ ಇಲ್ಲದಿದ್ದರೆ ಸುಮ್ನೆ 'ಟೈಮ್ ಔಟ್' ಹಾಕಿಕೊಳ್ಳಿ.