ಕಾಂಟಾದ ಮುಂದೆ ಕಾಫಿ ಬಿಟ್ಟ ರಾತ್ರಿಗಳು

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ರಾತ್ರಿ ಪಾಳಿಯ ಕಾಂಟಾ ಬರೆಯೋದು, ಅಂದರೆ ಬಂದ ಲಾರಿಗಳ ತೂಕ ರಿಜಿಸ್ಟರಿಗೆ ಇಳಿಸೋದು, ನನ್ನ ಕೆಲಸ. ಬೇಸಿಗೆಯಲ್ಲಿ ಎರಡನೇ ಬೆಳೆಯ ಭತ್ತ ಬರತೊಡಗಿದರೆ ಲಾರಿ, ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆವರೆಗೂ ನಿಂತಿರುತ್ತದೆ. ಒಂದು ರಾತ್ರಿ ಮೂರು ಗಂಟೆಗೆ ಪರದೆ ಮೇಲೆ 16,480 ಕಿಲೋ ಅಂತ ಇತ್ತು. ನಾನು ರಿಜಿಸ್ಟರಿನಲ್ಲಿ 14,680 ಅಂತ ಬರೆದೆ. ಹದಿನೆಂಟು ಕ್ವಿಂಟಲ್ ಭತ್ತ ಮಂಗಮಾಯ! ರೈತ ಪಕ್ಕದಲ್ಲೇ ನಿಂತು ನೋಡುತ್ತಿದ್ದ, ಬಚಾವಾದೆ. ಅಷ್ಟು ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಐದು ಲೋಟ ಕಾಫಿ, ಒಂದು ಎನರ್ಜಿ ಡ್ರಿಂಕ್ ಡಬ್ಬಿ ಇದ್ದವು. ಎದೆಯುರಿ ಇತ್ತು, ಕೈನಡುಕ ಇತ್ತು. ಎಚ್ಚರ ಒಂದೇ ಇರಲಿಲ್ಲ.

ಎರಡನ್ನೂ ಬಿಟ್ಟು ಬೇರೆ ಏನೇನು ಕುಡಿಯಬಹುದು ಅಂತ ಹೊರಟೆ. ಒಂದೊಂದಕ್ಕೆ ಮೂರು ರಾತ್ರಿ. ಲೆಕ್ಕ ಸುಲಭ: ರಿಜಿಸ್ಟರಿನಲ್ಲಿ ಎಷ್ಟು ಕಡೆ ಹೊಡೆದು ತಿದ್ದಿದ್ದೇನೆ ಅಂತ ಬೆಳಿಗ್ಗೆ ಎಣಿಸೋದು.

ಮೊದಲು ಚಿಕೋರಿ. ನಮ್ಮ ಮನೆ ಕಾಫಿಪುಡಿಯಲ್ಲಿ ಇದು ಹೇಗೂ ಇರುತ್ತದೆ. ಕಾಫಿ–ಚಿಕೋರಿ ಪುಡಿಯಲ್ಲಿ ಚಿಕೋರಿ 49% ದಾಟಬಾರದು ಅನ್ನೋ ನಿಯಮವಿದೆ, ಪೊಟ್ಟಣದ ಮೇಲೆ ಪ್ರಮಾಣ ಅಚ್ಚಾಗಿರುತ್ತದೆ. ನಾನು ಬರೀ ಚಿಕೋರಿಯನ್ನೇ ತಂದೆ. ಬೇರನ್ನು ಹುರಿದು ಮಾಡಿದ ಪುಡಿ ಅದು. ಬಿಸಿನೀರಿಗೆ ಹಾಕಿದ ತಕ್ಷಣ ಕಪ್ಪಗೆ ಬಣ್ಣ ಬಿಡುತ್ತದೆ, ತಳ ಹಿಡಿದ ಬೆಲ್ಲದ ಪಾಕದ ವಾಸನೆ. ನಾಲಿಗೆಗೆ ಕಾಫಿ ಅಂತಲೇ ಅನಿಸುತ್ತದೆ, ಆದರೆ ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಎರಡೂವರೆಗೆ ತೂಕಡಿಕೆ ಶುರು. ಜೊತೆಗೆ ಹೊಟ್ಟೆಯಲ್ಲಿ ಗುಡುಗುಡು. ಆ ಬೇರಿನಲ್ಲಿ ಇನುಲಿನ್ ಅನ್ನೋ ನಾರು ಜಾಸ್ತಿ, ಕೆಲವರಿಗೆ ವಾಯು ಮಾಡುತ್ತದೆ. ಆ ಕೆಲವರಲ್ಲಿ ನಾನೂ ಒಬ್ಬ. ಚಿಕೋರಿಗೆ ಸ್ವಲ್ಪ ಅನ್ಯಾಯವೂ ಆಯಿತು ಅನ್ನಿ. ಕಾಫಿ ಬಿಟ್ಟ ಮೊದಲ ಎರಡು ದಿನದ ತಲೆನೋವು ಪಾಪ ಅದರ ಪಾಲಿಗೇ ಬಂತು.

ಖರ್ಜೂರದ ಬೀಜದ ಕಾಫಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬೀಜ ತೊಳೆದು, ಒಣಗಿಸಿ, ಹುರಿದು ಮಿಕ್ಸಿಗೆ ಹಾಕಿದೆ. ಜಾರಿನ ಬ್ಲೇಡು ಹೋಯಿತು. ರುಚಿ ಪರವಾಗಿಲ್ಲ, ಕೆಫೀನ್ ಇದರಲ್ಲೂ ಇಲ್ಲ. ಹೊಸ ಜಾರಿನ ದುಡ್ಡಿಗೆ ತಿಂಗಳ ಕಾಫಿ ಬರುತ್ತಿತ್ತು ಅಂತ ಮನೆಯಾಕೆ ಈಗಲೂ ಹೇಳುತ್ತಾಳೆ.

ನುಗ್ಗೆಸೊಪ್ಪಿನ ಪುಡಿ: ಹಸಿ ಹುಲ್ಲಿನ ವಾಸನೆ. ಸೊಪ್ಪು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಬೇಳೆ ಜೊತೆ ಪಲ್ಯ ಮಾಡಿಕೊಂಡು ತಿನ್ನೋದು ಬಿಟ್ಟು ರಾತ್ರಿ ಎರಡು ಗಂಟೆಗೆ ನೀರಲ್ಲಿ ಕದಡಿ ಯಾಕೆ ಕುಡಿಯಬೇಕು?

ಕೊತ್ತಂಬರಿ–ಜೀರಿಗೆ ಕಷಾಯದ ಮಾತು ಬೇರೆ. ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಒಂದು ಪಾಲು, ನಾಲ್ಕು ಕಾಳು ಮೆಣಸು, ಚೂರು ಒಣಶುಂಠಿ. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿಯಬೇಕು. ಬೀಜ ಚಟಪಟ ಅಂದು, ಬಣ್ಣ ತಿರುಗುವ ಹೊತ್ತಿಗೆ ಇಳಿಸಿಬಿಡಬೇಕು. ಅರ್ಧ ನಿಮಿಷ ತಡವಾದರೂ ಕಹಿ. ಬೆಲ್ಲ ಹಾಕಿ ಕುದಿಸಿ ಫ್ಲಾಸ್ಕಿಗೆ ಹಾಕಿಕೊಂಡು ಹೋದೆ. ಮುಚ್ಚಳ ತೆಗೆದ ಕೂಡಲೇ ಹಮಾಲರ ಪೈಕಿ ಹಿರಿಯ ಕಾಕಾ ಮೂಗೇರಿಸಿದರು. "ಏನ್ರೀ ಸಾಹೇಬ್ರ, ಮನ್ಯಾಗ ಬಾಣಂತಿ ಅದಾರೇನು?" ಅಂದರು. ಆಮೇಲೆ ಅವರೇ ಎರಡು ಲೋಟ ಕುಡಿದರು. ಎದೆಯುರಿ ಆ ವಾರದಲ್ಲೇ ಇಳಿಯಿತು. ಅದು ಕಷಾಯದಿಂದಲೋ, ಕಾಫಿ ನಿಲ್ಲಿಸಿದ್ದರಿಂದಲೋ? ಕಾಫಿ ನಿಲ್ಲಿಸಿದ್ದೇ ಕಾರಣ ಅಂತ ನನ್ನ ಗುಮಾನಿ. ನಿದ್ದೆಯ ವಿಷಯದಲ್ಲಿ ಇದೂ ಸೋತಿತು.

ಯಾಕೆ ಸೋಲುತ್ತವೆ ಅಂದರೆ, ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಅನ್ನೋದು ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಹೋಗಿ ಕೂತರೆ ನಿದ್ದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಕೆಫೀನ್ ಮಾಡೋದು ಅದನ್ನೇ. ಟವೆಲ್ ಇಲ್ಲದವರು ಎಷ್ಟು ರುಚಿಯಾಗಿದ್ದರೇನು!

ಹಾಗಾದರೆ ಟವೆಲ್ ಇರುವ ಗಿಡಗಳು? 'ಸಸ್ಯಮೂಲದ ಎನರ್ಜಿ' ಅಂತ ಬರೆದ ಡಬ್ಬಿಗಳನ್ನು ಆನ್‌ಲೈನಲ್ಲಿ ತರಿಸಿದೆ. ಕಾಫಿಯೇನು ಕೋಳಿ ಇಡುತ್ತದಾ ಅಂತ ಆಗಲೇ ಕೇಳಿಕೊಳ್ಳಬೇಕಿತ್ತು. ಅವುಗಳೊಳಗಿದ್ದದ್ದು ಗುವಾರಾನಾ, ಅಮೆಜಾನ್ ಕಾಡಿನ ಬಳ್ಳಿಯ ಬೀಜ. ತೂಕಕ್ಕೆ ತೂಕ ಹಿಡಿದರೆ ಕಾಫಿ ಬೀಜಕ್ಕಿಂತ ಅದರಲ್ಲೇ ಕೆಫೀನ್ ಜಾಸ್ತಿ. ಎಚ್ಚರ ಇತ್ತು, ಕೈನಡುಕವೂ ವಾಪಸ್ ಬಂತು. ಹಳೆಯ ಎನರ್ಜಿ ಡ್ರಿಂಕ್ ಡಬ್ಬಿಯನ್ನೂ ಒಮ್ಮೆ ಸರಿಯಾಗಿ ಓದಿದೆ: 250 ಮಿಲಿಗೆ ಕೆಫೀನ್ 75 ಮಿಲಿಗ್ರಾಂ, ಸಕ್ಕರೆ 27 ಗ್ರಾಂ. ಮನೆಯಲ್ಲಿ ಅಷ್ಟು ಸಕ್ಕರೆಯನ್ನು ಟೀ ಚಮಚದಲ್ಲಿ ಅಳೆದು ತಟ್ಟೆಗೆ ಸುರಿದೆ. ಐದೂವರೆ ಚಮಚ. ಚಹಾಕ್ಕೆ ಅಷ್ಟು ಹಾಕಿಕೊಟ್ಟರೆ ನಾನೇ ಬೈಯುತ್ತಿದ್ದೆ.

ಹಾಲಿಲ್ಲದ ನಿಂಬೆ ಚಹಾ ಇದಕ್ಕಿಂತ ಮೇಲು. ಲೋಟಕ್ಕೆ ಕಾಫಿಯ ಅರ್ಧದಷ್ಟು ಕೆಫೀನ್, ಖರ್ಚು ಏನೇನೂ ಇಲ್ಲ. ಆದರೆ ಹೊತ್ತು ನೋಡಿ ಕುಡಿಯಬೇಕು. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ತಾಸು ಬೇಕು. ಮೂರಕ್ಕೆ ಕುಡಿದರೆ ಬೆಳಿಗ್ಗೆ ಎಂಟಕ್ಕೆ ನಾನು ಮಲಗುವಾಗಲೂ ಅರ್ಧ ಒಳಗೇ ಇರುತ್ತದೆ. ಹಗಲಿನ ನಿದ್ದೆ ಕೆಟ್ಟು ಮಾರನೇ ರಾತ್ರಿ ಮತ್ತೂ ಜಾಸ್ತಿ ಕಾಫಿ ಕುಡಿಯುತ್ತಿದ್ದದ್ದು ಹೀಗೇ.

ಕೊನೆಗೆ ಜೋಳದ ಅಂಬಲಿ. ಇದನ್ನು ಪಟ್ಟಿಗೆ ಸೇರಿಸಿಯೇ ಇರಲಿಲ್ಲ. ಅವತ್ತು ಚಹಾಪುಡಿ ಮುಗಿದಿತ್ತು, ಮನೆಯಾಕೆ ಸ್ಟೀಲ್ ಕ್ಯಾನಿನಲ್ಲಿ ಇದನ್ನೇ ತುಂಬಿಕೊಟ್ಟಳು. ಹಿಂದಿನ ರಾತ್ರಿ ಹಿಟ್ಟು ಕಲಸಿ ಹುಳಿ ಬರಿಸಿ, ತೆಳ್ಳಗೆ ಕಾಯಿಸಿ ಆರಿಸಿದ್ದು. ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ. ಮಜ್ಜಿಗೆ ಹಾಕಿರಲಿಲ್ಲ, ಆ ಸೆಕೆಗೆ ನಡುರಾತ್ರಿಯೊಳಗೆ ಹುಳಿ ವಿಪರೀತ ಆಗಿಬಿಡುತ್ತದೆ. ಹನ್ನೊಂದಕ್ಕೆ ಒಂದು ಲೋಟ, ಎರಡಕ್ಕೆ ಇನ್ನೊಂದು. ಆ ರಾತ್ರಿ ತಿದ್ದಿದ್ದು ಒಂದೇ ಕಡೆ. ಮಾರನೇ ರಾತ್ರಿ ಎರಡು ಕಡೆ. ಹಗಲು ನಲವತ್ತು ಡಿಗ್ರಿ ದಾಟಿದ ಮೇಲೆ ತಗಡಿನ ಶೆಡ್ಡು ರಾತ್ರಿಯಲ್ಲೂ ಕಾವು ಬಿಡುತ್ತಿರುತ್ತದೆ. ಅಲ್ಲಿ ಬೆವರು ಸುರಿಸುತ್ತಾ ಎಂಟಕ್ಕೆ ಉಂಡ ಮೇಲೆ ಏನೂ ತಿನ್ನದೆ ಕೂತಿರುತ್ತಿದ್ದೆ. ನಾನು ನಿದ್ದೆ ಅಂದುಕೊಂಡಿದ್ದರಲ್ಲಿ ಅರ್ಧ ನೀರಡಿಕೆ, ಹಸಿವು. ಐದು ಲೋಟ ಕಾಫಿ ಕುಡಿದರೂ ಅದು ಹೋಗುತ್ತಿರಲಿಲ್ಲ, ಅಷ್ಟೇ.

ಈಗ ಹನ್ನೊಂದಕ್ಕೆ ಅಂಬಲಿ, ಹನ್ನೆರಡಕ್ಕೆ ಒಂದೇ ಲೋಟ ನಿಂಬೆ ಚಹಾ, ಎರಡಕ್ಕೆ ಮತ್ತೆ ಅಂಬಲಿ. ನಾಲ್ಕರ ಸುಮಾರಿಗೆ ಈಗಲೂ ಕಣ್ಣು ಎಳೆಯುತ್ತದೆ. ಅದಕ್ಕೆ ಔಷಧಿ ಯಾವ ಲೋಟದಲ್ಲೂ ಸಿಗಲಿಲ್ಲ. ಆಗ ಪರದೆಯ ಅಂಕಿಯನ್ನು ಗಟ್ಟಿಯಾಗಿ ಓದುತ್ತೇನೆ, ಡ್ರೈವರ್ ಅದನ್ನೇ ತಿರುಗಿ ಹೇಳಬೇಕು. ಆಮೇಲೆ ಬರೆಯೋದು. ಉಳಿದ ಗುವಾರಾನಾ ಡಬ್ಬಿಗಳು ಮೂರು ಇವೆ, ಯಾರಿಗಾದರೂ ಬೇಕಾದರೆ ಅರ್ಧ ಬೆಲೆಗೆ ಕೊಡುತ್ತೇನೆ.