ಗೌರಿಯ ಗದ್ದದ ಬಾವು, ನಮ್ಮ ಪಶು ಆಸ್ಪತ್ರೆಯ ಸಗಣಿ ಪರೀಕ್ಷೆ

ಗದ್ದೆಯಂಚಿನಲ್ಲಿ ಮೇಯುವ ನಮ್ಮ ಎಮ್ಮೆ ಗೌರಿಗೆ ದೀಪಾವಳಿಯ ಹೊತ್ತಿಗೆ ಗದ್ದದಡಿ ನೀರು ತುಂಬಿದ ಚೀಲದಂತೆ ಬಾವು ಬಂದಿತು. ಮೂರು ಲೀಟರ್ ಹಾಲು ಒಂದಕ್ಕೆ ಇಳಿಯಿತು. ಅಂಗಡಿಯಿಂದ ತಂದ ಜಂತಿನ ಗುಳಿಗೆ ನಾಟಲಿಲ್ಲ. ಅದು ದುಂಡು ಹುಳುಗಳ ಔಷಧಿಯೆಂದು ಆಮೇಲೆ ತಿಳಿಯಿತು.

ನಮ್ಮ ಹೋಬಳಿಯ ಪಶು ಆಸ್ಪತ್ರೆಯ ವೈದ್ಯರು ಮೊದಲು ಗೌರಿಯ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದರು. ಬಿಳಿಚಿಕೊಂಡಿತ್ತು, ರಕ್ತ ಕಡಿಮೆಯಾದ ಗುರುತು. ಸಗಣಿಯನ್ನು ನೀರಿನಲ್ಲಿ ಕದಡಿ, ಸೋಸಿ, ತಳಕ್ಕಿಳಿದ ಗಸಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನನ್ನನ್ನೂ ಕರೆದರು. ಹೊಂಬಣ್ಣದ ದೊಡ್ಡ ಮೊಟ್ಟೆಗಳು! ಫ್ಯಾಸಿಯೋಲ, ಅಂದರೆ ಯಕೃತ್ತಿನ ಚಪ್ಪಟೆ ಹುಳು. ಗದ್ದೆಯ ಬಸವನಹುಳುವಿನಲ್ಲಿ ಬೆಳೆದು, ನೀರಂಚಿನ ಹುಲ್ಲಿಗೆ ಅಂಟಿ, ಹೊಟ್ಟೆ ಸೇರಿ, ಯಕೃತ್ತನ್ನು ಕೊರೆದು ಪಿತ್ತನಾಳದಲ್ಲಿ ನೆಲೆಸುತ್ತದೆ. ರಕ್ತದಲ್ಲಿ ನೀರನ್ನು ಹಿಡಿದಿಡುವ ಆಲ್ಬುಮಿನ್ ಎಂಬ ಪ್ರೋಟೀನ್ ಕುಸಿದು ಗದ್ದ ಊದುತ್ತದೆ. ಇಷ್ಟನ್ನು ಅವರು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಆ ಚೀಟಿಯನ್ನು ಕೊಟ್ಟಿಗೆಯ ಗೋಡೆಗೆ ಅಂಟಿಸಿದ್ದೇನೆ.

ಗೌರಿಯ ತೂಕ ಅಂದಾಜಿಸಿ ಆಕ್ಸಿಕ್ಲೋಜನೈಡ್ ಎಂಬ ಚಪ್ಪಟೆ ಹುಳುವಿನ ಔಷಧಿ ಕುಡಿಸಿದರು. ಇದು ಮುಖ್ಯವಾಗಿ ಬೆಳೆದ ಹುಳುಗಳನ್ನು ಕೊಲ್ಲುವುದರಿಂದ ಎರಡು ತಿಂಗಳ ಬಳಿಕ ಮತ್ತೆ ಬರಲು ಹೇಳಿದರು. ಮೂರು ವಾರದಲ್ಲಿ ಬಾವು ಇಳಿಯಿತು, ಹಾಲು ಎರಡೂವರೆಗೆ ಏರಿತು.

ಕೊರತೆ ಒಂದೇ: ಪರೀಕ್ಷೆ ಮಧ್ಯಾಹ್ನದವರೆಗೆ ಮಾತ್ರ. ದೂರದ ಹಳ್ಳಿಯವರು ಬಸ್ ಹಿಡಿದು ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ, ಇದನ್ನು ಸರಿಪಡಿಸಲೇಬೇಕು. ತಾಜಾ ಸಗಣಿಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಬೆಳಿಗ್ಗೆಯೇ ಒಯ್ಯಿರಿ.