ಚಿತ್ರದುರ್ಗದ ತಾರಸಿಯಿಂದ ಅಯಾನುಗೋಳದ ಅಳತೆ: ಝಡ್‌ಇಡಿ-ಎಫ್‌9ಪಿ ರಿಸೀವರ್ ವಿಮರ್ಶೆ

ವಾತಾವರಣದ ಮೇಲ್ಭಾಗದಲ್ಲಿ ವಿದ್ಯುದಾವೇಶದ ಕಣಗಳಿರುವ ಪದರವಾದ ಅಯಾನುಗೋಳದ ಅಧ್ಯಯನಕ್ಕೆ ಲಕ್ಷಾಂತರ ರೂಪಾಯಿಯ ಉಪಕರಣವೇ ಬೇಕೆಂದು ಹಿಂಜರಿಯುವ ನಮ್ಮ ಜಿಲ್ಲೆಯ ಕಾಲೇಜುಗಳಿಗೆ ಯು-ಬ್ಲಾಕ್ಸ್ ಸಂಸ್ಥೆಯ ಝಡ್‌ಇಡಿ-ಎಫ್‌9ಪಿ ಇರುವ ಸಣ್ಣ ಬೋರ್ಡನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಆದರೆ ಅದರ ಅಂಕಿಗಳಲ್ಲಿ ಯಾವುದನ್ನು ನೇರವಾಗಿ ನಂಬಬಹುದು, ಯಾವುದನ್ನು ತಿದ್ದಿ ಬಳಸಬೇಕು ಎಂಬುದನ್ನು ಅರಿತೇ ಕೊಳ್ಳಬೇಕು.

ಜಮೀನಿನ ಸರ್ವೆ ಮಾಡುವವರಿಗೆ ಪರಿಚಿತವಾದ ಈ ರಿಸೀವರ್ ಜಿಪಿಎಸ್ ಸಂಕೇತಗಳನ್ನು 1575.42 (ಎಲ್‌1) ಮತ್ತು 1227.60 (ಎಲ್‌2) ಮೆಗಾಹರ್ಟ್ಸ್ ಎರಡರಲ್ಲೂ ಹಿಡಿಯುತ್ತದೆ. ಎಲೆಕ್ಟ್ರಾನುಗಳ ನಡುವೆ ಹಾದುಬರುವಾಗ ಕಡಿಮೆ ಆವರ್ತನದ ಸಂಕೇತ ಹೆಚ್ಚು ತಡವಾಗುವುದರಿಂದ, ಎರಡರ ವ್ಯತ್ಯಾಸದಿಂದಲೇ ದಾರಿಯ ಎಲೆಕ್ಟ್ರಾನುಗಳ ಒಟ್ಟು ಪ್ರಮಾಣ, ಅಂದರೆ ಟಿಇಸಿ, ತಿಳಿಯುತ್ತದೆ. ಅದನ್ನು ಅಳೆಯುವ ಮಾನವಾದ ಒಂದು ಟಿಇಸಿ ಯೂನಿಟ್‌ಗೆ ಸುಮಾರು 10 ಸೆಂಟಿಮೀಟರ್ ದೂರದಷ್ಟು ವ್ಯತ್ಯಾಸ ಬೀಳುತ್ತದೆ.

ಈ ಅಳತೆಗೆ ಚಿತ್ರದುರ್ಗ ಬಹಳ ಒಳ್ಳೆಯ ಜಾಗ. ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾಂತರವಾಗಿರುವ ರೇಖೆ, ಅಂದರೆ ಭೂಕಾಂತೀಯ ಸಮಭಾಜಕವು, ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಅಲ್ಲಿ ಹಗಲಿನಲ್ಲಿ ಮೇಲೆದ್ದ ಪ್ಲಾಸ್ಮಾ, ಅಂದರೆ ಆವೇಶದ ಕಣಗಳ ಅನಿಲ, ಕಾಂತರೇಖೆಗಳ ಗುಂಟ ಇಳಿದು ಮಧ್ಯಭಾರತದ ಕಡೆ ದಟ್ಟವಾಗುತ್ತದೆ. ನಾವಿರುವುದು ಈ ಎರಡರ ನಡುವೆ. ಹೀಗಾಗಿ ಮಧ್ಯಾಹ್ನದ ನಂತರ ಉತ್ತರದ ಉಪಗ್ರಹಕ್ಕೂ ದಕ್ಷಿಣದ ಉಪಗ್ರಹಕ್ಕೂ ಟಿಇಸಿ ಬೇರೆ ಬೇರೆಯಾಗಿ ಬರುವುದನ್ನು ವಿದ್ಯಾರ್ಥಿಗಳು ತಮ್ಮ ತಾರಸಿಯಿಂದಲೇ ಕಾಣಬಹುದು. ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ, ಮುಖ್ಯವಾಗಿ ವಿಷುವದ ತಿಂಗಳುಗಳಲ್ಲಿ, ಸಂಜೆಯ ನಂತರ ಎಲೆಕ್ಟ್ರಾನುಗಳು ವಿರಳವಾದ ಪ್ಲಾಸ್ಮಾ ಗುಳ್ಳೆಗಳು ಎದ್ದು ಸಂಕೇತ ತುಂಡಾಗುತ್ತದೆ. ಸರ್ವೆಯವರಿಗೆ ತೊಂದರೆಯಾಗುವ ಈ ಹೊತ್ತು ನಮಗೆ ಅತ್ಯಮೂಲ್ಯ. ಆದರೂ ಸೆಕೆಂಡಿಗೆ 50 ಮಾದರಿ ತೆಗೆಯುವ ವಿಶೇಷ ಮಾನಿಟರುಗಳ ಬದಲಿಗೆ ಇದನ್ನು ಬಳಸಲಾಗದು.

ನಿಜವಾದ ಕೊರತೆ ರಿಸೀವರಿನ ಒಳಗಿನ ವಿಳಂಬದ್ದು. ಎರಡು ಆವರ್ತನಗಳ ನಡುವೆ ಒಂದು ನ್ಯಾನೋಸೆಕೆಂಡ್ ಏರುಪೇರಾದರೂ ಫಲಿತಾಂಶ ಸುಮಾರು 3 ಯೂನಿಟ್ ತಪ್ಪುತ್ತದೆ. ಆದ್ದರಿಂದ ಏರಿಳಿತಗಳನ್ನು ನಂಬಬಹುದು, ಒಟ್ಟು ಮೌಲ್ಯವನ್ನು ತಿದ್ದದೆ ನಂಬಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಪಥದರ್ಶಕ ಉಪಗ್ರಹಗಳ ಸಂಕೇತ ದಾಖಲಿಸುವ ಅಂತರರಾಷ್ಟ್ರೀಯ ಜಾಲದ ಕೇಂದ್ರದ ದತ್ತಾಂಶ ಉಚಿತವಾಗಿ ಸಿಗುತ್ತದೆ. ಎಲೆಕ್ಟ್ರಾನುಗಳು ತೀರ ಕಡಿಮೆಯಿರುವ ಬೆಳಗಿನ ಜಾವದ ಅಳತೆಗಳನ್ನು ಅದರೊಂದಿಗೆ ಹೋಲಿಸಿ ತಿದ್ದುಪಡಿ ಕಂಡುಕೊಳ್ಳುವುದು ಸರಳ ದಾರಿ.

ಆಂಟೆನಾದಲ್ಲಿ ಹಣ ಉಳಿಸಬೇಡಿ. ನೀರಿನ ಟ್ಯಾಂಕ್ ಮತ್ತು ತಗಡಿನ ಚಾವಣಿಯಿಂದ ದೂರ ನಿಲ್ಲಿಸಿ, ಇಲ್ಲವಾದರೆ ಪ್ರತಿಫಲಿತ ಸಂಕೇತಗಳು ಅಳತೆಯನ್ನು ಕೆಡಿಸುತ್ತವೆ. ಕಚ್ಚಾ ದತ್ತಾಂಶವನ್ನು ಆರ್‌ಟಿಕೆಲಿಬ್ ಎಂಬ ಉಚಿತ ತಂತ್ರಾಂಶ ಎಲ್ಲ ತಂತ್ರಾಂಶಗಳೂ ಓದಬಲ್ಲ ಸಾಮಾನ್ಯ ಕಡತ ರೂಪವಾದ ರೈನೆಕ್ಸ್‌ಗೆ ತರುತ್ತದೆ. ಮುಂದಿನ ಲೆಕ್ಕಕ್ಕೆ ಸ್ವಲ್ಪ ಪೈಥಾನ್ ಬಲ್ಲ ವಿದ್ಯಾರ್ಥಿ ಸಾಕು.

ಭಾರತದ ಸ್ವಂತ ಪಥದರ್ಶಕ ಉಪಗ್ರಹ ವ್ಯವಸ್ಥೆಯಾದ ನಾವಿಕ್‌ಗಾಗಿ ಕೊಳ್ಳುವವರು ಬೇರೆ ರಿಸೀವರ್ ನೋಡಬೇಕು, ಏಕೆಂದರೆ ಎಲ್‌1, ಎಲ್‌2 ಮಾದರಿಯ ಈ ಬೋರ್ಡ್ ಅದರ 1176.45 ಮೆಗಾಹರ್ಟ್ಸ್ ಸಂಕೇತವನ್ನು ಹಿಡಿಯುವುದಿಲ್ಲ.